ಕೇಳೋದು ಅಂದ್ರೆ ಕೇಳೋದಲ್ಲ

ಕನ್ನಡದಲ್ಲಿ ‘ಕೇಳು’ ಅನ್ನೋ ಒಂದೇ ಪದಕ್ಕೆ ಎರಡು ಡ್ಯೂಟಿ. ಬೇಕಾದ್ದನ್ನು ಕೇಳೋದೂ ಕೇಳೋದೇ, ಕಿವಿಗೊಟ್ಟು ಕೇಳೋದೂ ಕೇಳೋದೇ. ದಾವಣಗೆರೆಯ ಕ್ರೈಸ್ತರ ಮನೆಗಳಲ್ಲಿ ವರ್ಷವೆಲ್ಲ ದೇವರ ಹತ್ತಿರ ನಡೆಯೋದು ಮೊದಲನೆಯದು: ಮಗನಿಗೆ ಸೀಟು, ಬೋರಿಗೆ ನೀರು, ಅತ್ತೆಯ ಮಂಡಿನೋವು ವಾಸಿ. ಪಟ್ಟಿ ಓದಿ ಆಮೆನ್ ಅಂದರೆ ಫೋನ್ ಕಟ್. ಆ ಕಡೆಯವರಿಗೆ ‘ಹಲೋ’ ಅನ್ನೋಕೂ ಬಿಡುವಿಲ್ಲ.

ತಪಸ್ಸು ಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳು, ಇರೋದು ಎರಡನೇ ಅರ್ಥಕ್ಕೆ. ಬೈಬಲಿನ ಮತ್ತಾಯನ ಶುಭಸಂದೇಶದಲ್ಲಿ ಶಿಷ್ಯ ಪೇತ್ರ ಬೆಟ್ಟದ ಮೇಲೆ ಯೇಸುವಿಗೆ ಮೂರು ಗುಡಾರ ಹಾಕುವ ಪ್ಲಾನು ವಿವರಿಸುತ್ತಿರುವಾಗಲೇ ಮೋಡದೊಳಗಿಂದ ಅಪ್ಪಣೆಯಾಗುತ್ತದೆ, ಈತನ ಮಾತು ಕೇಳಿ ಅಂತ. ಪೇತ್ರನ ಮಾತಿನ್ನೂ ಮುಗಿದಿರಲಿಲ್ಲ.

ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ 46 ದಿನ. 6 ಭಾನುವಾರ ಕಳೆದರೆ 40. ದಿನಕ್ಕೆ 15 ನಿಮಿಷ ಹೀಗೆ ಕೇಳೋಕೆ ಕೂತರೆ ಒಟ್ಟು 10 ಗಂಟೆ, ಬಸ್ಸಲ್ಲಿ ಬೆಂಗಳೂರಿಗೆ ಹೋಗಿಬಂದಷ್ಟು. ಬೆನ್ನು ನೆಟ್ಟಗಿರುವ ಕುರ್ಚಿ ಇರಲಿ. ಹಾಸಿಗೆ ಕಣ್ಣಿಗೆ ಬೀಳದ ಜಾಗ ವಾಸಿ. ಫೋನು ಅಕ್ಕಿ ಡಬ್ಬಕ್ಕೆ. ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟರೆ ‘ಟೈಮ್ ಎಷ್ಟಾಯ್ತು’ ಅಂತ ಎತ್ತಿಕೊಂಡ ಕೈ ವಾಟ್ಸ್ಯಾಪಲ್ಲಿ ಇಳಿಯುತ್ತದೆ. ಅಲಾರಂ ಗಡಿಯಾರ ಸಾಕು.

ಓದಬೇಕಾದ್ದು ಬೈಬಲಿನ ಆರೆಂಟು ವಚನ ಮಾತ್ರ, ಅಧ್ಯಾಯ ಮುಗಿಸುವ ಹಟ ಬೇಡ. ಒಮ್ಮೆ ದನಿ ತೆಗೆದು ನಿಧಾನಕ್ಕೆ ಓದಿ. ಎರಡನೇ ಸಲ ಓದುವಾಗ ಯಾವುದೋ ಒಂದು ಪದ ಬಟ್ಟೆಗೆ ಮುಳ್ಳು ಸಿಕ್ಕ ಹಾಗೆ ಹಿಡಿದುಕೊಳ್ಳುತ್ತದೆ. ಅಲ್ಲೇ ಐದು ನಿಮಿಷ ನಿಲ್ಲಿ, ಎರಡು ವಾಕ್ಯದಲ್ಲಿ ದೇವರಿಗೆ ಉತ್ತರ ಹೇಳಿ, ಆಮೇಲೆ ಬಾಯಿ ಮುಚ್ಚಿ. 12ನೇ ಶತಮಾನದ ಸನ್ಯಾಸಿ ಎರಡನೇ ಗ್ವಿಗೊ ಇದನ್ನೇ ನಾಲ್ಕು ಮೆಟ್ಟಿಲ ಏಣಿ ಅಂದ: ಓದು, ಮನನ, ಪ್ರಾರ್ಥನೆ, ಧ್ಯಾನ. ಅವನ ಮಠದಲ್ಲಿ ಕುಕ್ಕರ್ ಇರಲಿಲ್ಲ.

ಇಲ್ಲಿ ಮೂರನೇ ನಿಮಿಷಕ್ಕೆ ಸೀಟಿ. ಇದು ಎರಡನೆಯದೋ ಮೂರನೆಯದೋ? ನಾಲ್ಕನೇ ನಿಮಿಷಕ್ಕೆ ಬೀದಿ ತುದಿಯ ಸೌದೆ ಒಲೆ ಹತ್ತಿ, ಕಾವಲಿಯ ಮೇಲೆ ಬೆಣ್ಣೆ ಚುರ್ ಅನ್ನುತ್ತದೆ. ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಸಮೇತ ದೋಸೆ ಕಣ್ಮುಂದೆ. ಅದನ್ನು ಓಡಿಸಲು ಹೋದರೆ ಒಂದಕ್ಕೆ ಎರಡಾಗುತ್ತವೆ, ದೋಸೆ ಮತ್ತು ದೋಸೆ ನೆನೆದ ಪಾಪಪ್ರಜ್ಞೆ. ಪಕ್ಕದ ಚೀಟಿಯಲ್ಲಿ ‘ದೋಸೆ’ ಅಂತ ಬರೆದು ವಚನಕ್ಕೆ ವಾಪಸ್ ಬನ್ನಿ.

ಶುಕ್ರವಾರ ಮಾಂಸ ನಿಷೇಧ. ಬೆಣ್ಣೆದೋಸೆಯಲ್ಲಿ ಮಾಂಸವಿಲ್ಲ, ಕಾನೂನು ನಮ್ಮ ಕಡೆಗಿದೆ. ಆದರೆ ನಾಲ್ಕು ಇಳಿಸಿ ಧ್ಯಾನಕ್ಕೆ ಕೂತರೆ ಕೇಳಿಸೋದು ಸ್ವಂತ ಗೊರಕೆ. ಪೂರ್ತಿ ಖಾಲಿ ಹೊಟ್ಟೆಯಾದರೆ ಹೊಟ್ಟೆಯೇ ಪ್ರವಚನ ಶುರು ಮಾಡುತ್ತದೆ. ಬೈಬಲಿನಲ್ಲಿ ಸೋತು ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಅದೂ ಎರಡು ಸಲ. ಆಮೇಲೆ 40 ದಿನ ನಡಿಗೆ, ಹೋರೇಬ್ ಬೆಟ್ಟ. ಅಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ, ಯಾವುದರಲ್ಲೂ ದೇವರಿಲ್ಲ; ಕೊನೆಗೆ ಮೆಲ್ಲನೆ ಒಂದು ಸದ್ದು. ದೇವರು ಗಾಳಿಯಲ್ಲಿದ್ದಿದ್ದರೆ ಚಿತ್ರದುರ್ಗದವರಿಗೆ ಈ ತಾಪತ್ರಯವೇ ಇರುತ್ತಿರಲಿಲ್ಲ, ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಂತಿವೆ. ಸಣ್ಣ ಸದ್ದು ಹಿಡಿಯೋದೂ ಆ ಊರಿಗೆ ಹೊಸದಲ್ಲ ಅನ್ನಿ. ನೀರಿಗೆ ಹೋದ ಓಬವ್ವ ಕಿಂಡಿಯ ಪಿಸುಮಾತು ಹಿಡಿದ ಕಥೆ ಎಲ್ಲರಿಗೂ ಬಾಯಿಪಾಠ.

ನಿಜವಾದ ಅಪಾಯ ಬರೋದು ಮೂರನೇ ವಾರ. ದೇವರು ನಮ್ಮದೇ ದನಿಯಲ್ಲಿ ಮಾತಾಡತೊಡಗುತ್ತಾರೆ. ‘ನಾದಿನಿ ಮನೆ ಗೃಹಪ್ರವೇಶಕ್ಕೆ ಹೋಗಬೇಡ ಅಂತ ಪ್ರೇರಣೆಯಾಯ್ತು.’ ನಿನ್ನೆ ರಾತ್ರಿಯೇ ನೀವು ತೀರ್ಮಾನಿಸಿದ್ದನ್ನು ಇವತ್ತು ದೇವರು ಅನುಮೋದಿಸಿದರೆ ಸಂಶಯಪಡಿ. ಬೈಬಲಿನ ಬಾಲಕ ಸಮುವೇಲನೇ ದೇವರು ಕರೆದಾಗ ಮೂರು ಸಲ ತಪ್ಪು ತಿಳಿದು ಯಾಜಕ ಏಲಿಯ ಹತ್ತಿರ ಓಡಿದ. ಕರೆಯುತ್ತಿರುವವರು ಯಾರೆಂದು ಹೇಳಲು ಕಣ್ಣು ಮಂಜಾದ ಆ ಮುದುಕನೇ ಬೇಕಾಯಿತು. ಹಾಗೇ ಫಾದರ್ ಹತ್ತಿರವೋ ಮನೆಯ ಹಿರಿಯರ ಹತ್ತಿರವೋ ಒಂದು ಮಾತು ಹೇಳಿ. ಅವರು ನಕ್ಕರೆ ಅದೂ ಉತ್ತರವೇ.

ಅಲಾರಂ ಹೊಡೆದಾಗ ಚೀಟಿ ನೋಡಿ. ದೋಸೆ, ಸೀಟಿ, ಗ್ಯಾಸ್ ಬುಕಿಂಗ್, ಹಾಲಿನ ಬಾಕಿ. ಕೆಳಗೆ, ಯಾವಾಗ ಬರೆದಿರೋ ನೆನಪಿಲ್ಲ, ಆ ನಾದಿನಿಯ ಹೆಸರು. ಅದನ್ನು ಹೊಡೆದುಹಾಕಬೇಡಿ. ಅಕ್ಕಿ ಡಬ್ಬದಿಂದ ಫೋನು ತೆಗೆದು ಮೊದಲ ಕರೆ ಅಲ್ಲಿಗೇ ಮಾಡಿ. ಸ್ಪೀಕರಿನ ತೂತಿಗೆ ನುಚ್ಚು ಸಿಕ್ಕಿದ್ದರೆ ಹಳೇ ಹಲ್ಲಿನ ಬ್ರಶ್ಶಿನಿಂದ ಉದುರಿಸಿಕೊಳ್ಳಿ, ಇಲ್ಲದಿದ್ದರೆ ಅವರು ಹೇಳಿದ್ದೂ ಕೇಳಿಸೋದಿಲ್ಲ.