ಒಂದೇ ಒಂದು ಚಮಚ

ಪಾತ್ರೆಯ ತಳದಲ್ಲಿ ಒಂದೇ ಒಂದು ಚಮಚದಷ್ಟು ಅಡುಗೆ ಉಳಿಸಿ ಮುಚ್ಚಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಷ್ಟು ತಿಂದರೆ ಹೊಟ್ಟೆಯೇನೂ ಒಡೆಯುವುದಿಲ್ಲ. ಆದರೆ ಖಾಲಿ ಮಾಡಿದವರೇ ಪಾತ್ರೆ ತೊಳೆಯಬೇಕಲ್ಲ! ಒಂದು ಚಮಚ ಉಳಿಸಿದರೆ ತೊಳೆಯುವ ಸರದಿ ಮುಂದಿನವರದ್ದು.

ಆ ಚಮಚದ ಮುಂದಿನ ಪಾಡು ಕೇಳಿ. ದೊಡ್ಡ ಪಾತ್ರೆಯಿಂದ ಅದು ಬಟ್ಟಲಿಗೆ ಬರುತ್ತದೆ. ಬಟ್ಟಲು ಇನ್ನೇನಕ್ಕೋ ಬೇಕಾಗುತ್ತದೆ, ಸಣ್ಣ ಡಬ್ಬಿಗೆ ಹೋಗುತ್ತದೆ. ಡಬ್ಬಿ ಸಿಕ್ಕರೆ ಮುಚ್ಚಳ ಸಿಗುವುದಿಲ್ಲ. ನಮ್ಮ ಮನೆಯ ಡಬ್ಬಿಗಳಿಗೂ ಮುಚ್ಚಳಗಳಿಗೂ ಮಾತು ನಿಂತು ಬಹಳ ಕಾಲವಾಯಿತು. ಇದ್ದಬದ್ದ ಮುಚ್ಚಳವನ್ನೆಲ್ಲ ಒತ್ತಿ ನೋಡಿ, ಕೊನೆಗೆ ಒಂದು ತಟ್ಟೆ ಮುಚ್ಚಿ ಫ್ರಿಜ್ಜಿಗೆ ತಳ್ಳುವುದು. ತಟ್ಟೆಯ ಮೇಲೆ ಇನ್ನೊಂದು ಡಬ್ಬಿ, ಅದರ ಮೇಲೆ ಒಣಗಿದ ಅರ್ಧ ನಿಂಬೆಹಣ್ಣು. ಹೊಸದು ಬಂದಂತೆಲ್ಲ ಹಳೆಯದು ಹಿಂದೆ ಸರಿಯುತ್ತದೆ. ಹಿಂದಿನ ಮೂಲೆ ಸೇರಿದ್ದನ್ನು ಯಾರಾದರೂ ತಿಂದದ್ದು ನಾನಂತೂ ಕಂಡಿಲ್ಲ. ಇವತ್ತೇ ಎಸೆದರೆ ಪಾಪ, ಹಳಸಿದ ಮೇಲೆ ಎಸೆದರೆ ನೆಮ್ಮದಿ. ಅದಕ್ಕೆ ಕರೆಂಟು ಬೇರೆ ಖರ್ಚು!

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇಕಡಾ 60 ಮನೆಗಳದ್ದೇ. ತಲೆಗೆ 79 ಕಿಲೋ. ಸಿಪ್ಪೆ, ಮೂಳೆ ಎಲ್ಲ ಸೇರಿಸಿಯೇ ಇರಬಹುದು, ಆದರೂ ಅದು ನನ್ನ ತೂಕಕ್ಕಿಂತ ಜಾಸ್ತಿ. 2030ರೊಳಗೆ ತಲೆವಾರು ಪೋಲನ್ನು ಅರ್ಧಕ್ಕೆ ಇಳಿಸಬೇಕಂತೆ. ಆ ಚಮಚದಲ್ಲೂ ಅರ್ಧ ತಿಂದು ಅರ್ಧ ಉಳಿಸುವವರನ್ನು ಅವರು ನೋಡಿಲ್ಲ.

ಸಲಹೆಗಳಿಗೇನು ಬರವಿಲ್ಲ. ಪಟ್ಟಿ ಹಿಡಿದು ಸಾಮಾನು ತನ್ನಿ, ಹಳೆಯದನ್ನು ಮುಂದಿಡಿ, ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗಿಡಿ. ಸರಿಯೇ. ಮಾಗಿದ ಬಾಳೆಹಣ್ಣು, ಸೇಬುಗಳ ಪಕ್ಕ ಸೊಪ್ಪು ಇಡಬಾರದು, ಅವು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ. ಬ್ರೆಡ್ಡು ಫ್ರಿಜ್ಜಿನಲ್ಲಿ ಬೇಗ ಒರಟಾಗುತ್ತದೆ, ಫ್ರೀಜರಿನಲ್ಲಾದರೆ ಪರವಾಗಿಲ್ಲ. ಇವನ್ನೆಲ್ಲ ನಾನು ಊಟದ ಹೊತ್ತಿಗೆ ಹೇಳುತ್ತೇನೆ. ಎಲ್ಲರೂ ಫೋನು ನೋಡುತ್ತಾರೆ.

ಪೊಟ್ಟಣದ ಮೇಲಿನ ದಿನಾಂಕದ ಮೇಲೆ ಮಾತ್ರ ಎಲ್ಲರಿಗೂ ಭಾರೀ ಭಕ್ತಿ. ‘ಬೆಸ್ಟ್ ಬಿಫೋರ್’ ಅಂದರೆ ರುಚಿ, ಗುಣಮಟ್ಟದ ಮಾತು, ಆ ದಿನ ಕಳೆದ ಕೂಡಲೇ ವಿಷವಾಗುವುದಿಲ್ಲ ಅಂದರೆ ಕೇಳಬೇಕಲ್ಲ. ಮೊನ್ನೆ ಒಡೆಯದ ಬಿಸ್ಕತ್ತಿನ ಪೊಟ್ಟಣ, ಒಂದು ದಿನ ದಾಟಿತೆಂದು ಸೀದಾ ಕಸಕ್ಕೆ ಹೋಯಿತು. ಅದನ್ನು ಎಸೆದ ಅದೇ ಕೈ ದಿನಾಂಕವೇ ಇಲ್ಲದ ತಂಗಳನ್ನು ಮೂಸಿ ನೋಡಿ, “ಏನೂ ಆಗಿಲ್ಲ, ತಿನ್ನಿ” ಎಂದು ನನ್ನ ತಟ್ಟೆಗೆ ಬಡಿಸಿತು.