ಸತ್ಯಾಂಶ: ಪ್ರಾಸ ಇದ್ದರೆ ಮಾತ್ರ ಭಾವಗೀತೆಯೇ?

‘ಸಾಲಿನ ಕೊನೆಗೆ ಪ್ರಾಸ ಬೇಕು, ರಾಗ ಹಾಕಿ ಹಾಡಲು ಬರಬೇಕು. ಇಲ್ಲದಿದ್ದರೆ ಅದು ಭಾವಗೀತೆಯೇ ಅಲ್ಲ.’ ಇಂಥ ಸಂದೇಶವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಹಾಡಿನ ನಂಟು ಸುಳ್ಳಲ್ಲ. ಭಾವಗೀತೆಗೆ ಇಂಗ್ಲಿಷ್‌ನಲ್ಲಿರುವ ‘ಲಿರಿಕ್’ ಎಂಬ ಹೆಸರು ಬಂದಿದ್ದೇ ಲೈರ್ ಎಂಬ ಗ್ರೀಕರ ತಂತಿವಾದ್ಯದಿಂದ. ಆದರೆ ಕ್ರಿ.ಪೂ. 600ರ ಆಸುಪಾಸಿನ ಗ್ರೀಕ್ ಕವಯಿತ್ರಿ ಸ್ಯಾಫೋಳ ಕವಿತೆಗಳಲ್ಲಿ ಅಂತ್ಯಪ್ರಾಸದ ಕಟ್ಟುಪಾಡು ಇಲ್ಲ. ಗುರು-ಲಘುಗಳ ಜೋಡಣೆಯೇ ಅಲ್ಲಿನ ಲಯ. ಹೆಸರು ಹುಟ್ಟಿದ ಜಾಗದಲ್ಲೇ ಪ್ರಾಸ ಕಡ್ಡಾಯ ಇರಲಿಲ್ಲ, ಅಲ್ವಾ?

ಹಾಗಾದರೆ ಗುರುತು ಯಾವುದು? ನನ್ನ ಮಟ್ಟಿಗೆ, ಒಂದು ದನಿ ಮತ್ತು ಒಂದು ಗಳಿಗೆ. ಯುದ್ಧದ ಕಥೆ ಹೇಳುವ ಲಾವಣಿಗೆ ಪ್ರಾಸವಿದೆ, ರಾಗವಿದೆ. ಆದರೂ ಅದು ಕಥನಕವನ. ಅಲ್ಲಿ ಮುಂದೇನಾಯಿತು ಎಂಬುದೇ ಮುಖ್ಯ. ಭಾವಗೀತೆಯಲ್ಲಿ ಏನೂ ನಡೆಯದೆ ಇರಬಹುದು. ಮಳೆ ನಿಂತಿದೆ, ಯಾರೋ ಕಿಟಕಿ ಬಳಿ ಸುಮ್ನೆ ಕೂತಿದ್ದಾರೆ, ಅಷ್ಟೇ. ಆ ಮನಸ್ಸು ಆರು ಸಾಲಿನಲ್ಲಿ ನಮಗೆ ತಾಗಿದರೆ, ಪ್ರಾಸ ಇಲ್ಲದಿದ್ದರೂ ಅದು ಭಾವಗೀತೆ. ಪದಗಳ ನಾದ, ಸಾಲು ಮುರಿಯುವ ಜಾಗ, ನಡುವಿನ ಮೌನ, ಇವೇ ಅದರ ಸಂಗೀತ.

ಅಂದಹಾಗೆ, ಭಾವಗೀತೆಯಲ್ಲಿ ಮಾತಾಡುವ ‘ನಾನು’ ಕವಿಯೇ ಆಗಿರಬೇಕೆಂದೂ ಇಲ್ಲ.