ಸತ್ಯಾಂಶ: ರೀಸೆಟ್ ಒತ್ತಿದರೆ ಕೆಂಪು ದೀಪ ಆರುವುದಿಲ್ಲ

"ಹೊಸ ಬ್ರಾಡ್‌ಬ್ಯಾಂಡ್‌ನಲ್ಲಿ ಕೆಂಪು ದೀಪ ಬಂದರೆ ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ನು ಹಾಕಿ 10 ಸೆಕೆಂಡು ಒತ್ತಿ" ಎನ್ನುವ ಸಂದೇಶವನ್ನು ನಂಬಿ ರೀಸೆಟ್ ಒತ್ತಬೇಡಿ.

ರೂಟರ್ ಮೇಲಿನ ಎಲ್‌ಒಎಸ್ (ಸಿಗ್ನಲ್ ಇಲ್ಲ ಎಂದು ತೋರಿಸುವ) ದೀಪ ಕೆಂಪಗೆ ಮಿನುಗಿದರೆ ಫೈಬರ್ ಕೇಬಲ್‌ನ ಬೆಳಕು ರೂಟರ್ ಪೆಟ್ಟಿಗೆಗೆ ಸರಿಯಾಗಿ ತಲುಪುತ್ತಿಲ್ಲ ಎಂದರ್ಥ. ಕೇಬಲ್ ಒಳಗಿರುವುದು ಕೂದಲೆಳೆಯಂಥ ಗಾಜು. ಟಿವಿ ಮೇಜಿನ ಹಿಂದೆ ಬಿಗಿಯಾಗಿ ಮಡಚಿಕೊಂಡರೂ ಸಾಕು, ಬೆಳಕು ಸೋರಿಹೋಗುತ್ತದೆ. ಮೊದಲು ಆ ಮಡಿಕೆ ಬಿಡಿಸಿ, ತುದಿ ಭದ್ರವಾಗಿ ಕೂತಿದೆಯೇ ನೋಡಿ. ಬಿಚ್ಚಿದ ತುದಿಯೊಳಗೆ ಮಾತ್ರ ಇಣುಕಬೇಡಿ, ಅದು ಲೇಸರ್ ಬೆಳಕು.

ರೀಸೆಟ್ ಮಾಡಿದರೆ ಸಂಪರ್ಕ ಕೊಡಲು ಬಂದವರು ತುಂಬಿಸಿದ ಬಳಕೆದಾರರ ಹೆಸರು, ಪಾಸ್‌ವರ್ಡ್ ಅಳಿಸಿಹೋಗಬಹುದು. ಆಮೇಲೆ ಬೆಳಕು ಮರಳಿದರೂ ಇಂಟರ್ನೆಟ್ ಬಾರದು. ಸ್ವಿಚ್ ಆರಿಸಿ ಹಾಕುವುದು ಬೇರೆ; ಅದರಿಂದ ಈ ವಿವರಗಳು ಅಳಿಯುವುದಿಲ್ಲ. ದೀಪ ಆಗಲೂ ಕೆಂಪಾಗಿಯೇ ಇದ್ದರೆ ಹೊರಗಿನ ಕೇಬಲ್ ತುಂಡಾಗಿರಬಹುದು, ದೂರು ಕೊಡಿ.